ಬ್ಯಾಂಜೊ ಕಳಚಿದರೂ ನಿಂತ ಹಾಡು: ‘ಲವ್ ಸ್ಟೋರಿ’ ಪ್ರಕರಣ

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ‘ಲವ್ ಸ್ಟೋರಿ’ ಹಾಡು 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಹಾಡೋ ಪಾಪ್ ಹಾಡೋ ಎಂಬ ಜಗಳ ಅಂದೇ ಶುರುವಾಗಿದ್ದು ಇನ್ನೂ ಮುಗಿದಿಲ್ಲ. ಮೇಲ್ನೋಟಕ್ಕೆ ಇದು ಹಣೆಪಟ್ಟಿಯ ಜಗಳ, ಹುಡುಗಾಟದ್ದು. ಆದರೆ ಅಮೆರಿಕದ ರೇಡಿಯೊ ಜಗತ್ತಿನಲ್ಲಿ ಹಣೆಪಟ್ಟಿಯೇ ಅನ್ನ. ಅಲ್ಲಿ ಒಂದೊಂದು ಕೇಂದ್ರಕ್ಕೂ ಒಂದೊಂದು ಜಾತಿಯ ಸಂಗೀತ. ಕಂಟ್ರಿ ಕೇಂದ್ರದವರು ಪಾಪ್ ಹಾಕುವುದಿಲ್ಲ, ಪಾಪ್ ಕೇಂದ್ರದವರಿಗೆ ಪಿಟೀಲು, ಬ್ಯಾಂಜೊ (ಕಂಟ್ರಿಯ ಮೀಟುವಾದ್ಯ) ಕೇಳಿಸಿದರೆ ಕೇಳುಗರು ಕೇಂದ್ರ ಬದಲಿಸುತ್ತಾರೆಂಬ ಭಯ. ಎರಡೂ ಕಡೆ ಓಡಬೇಕಾದ ಹಾಡಿಗೆ ಎರಡು ವೇಷ ಬೇಕು. ಈ ಹಾಡಿಗೆ ಅವೆರಡೂ ಇದ್ದವು. ಜೊತೆಗೆ ವಿಡಿಯೊದಲ್ಲಿ ಮೂರನೆಯದೊಂದು ವೇಷ. ವೇಷಗಳನ್ನೆಲ್ಲ ಒಂದೊಂದಾಗಿ ಕಳಚಿದ ಮೇಲೂ ಈ ಹಾಡಿನಲ್ಲಿ ‘ಕಂಟ್ರಿ’ ಎನ್ನುವಂಥದ್ದು ಏನು ಉಳಿಯುತ್ತದೆ ಎಂದು ನೋಡುವುದಕ್ಕಾಗಿಯೇ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ಹಿನ್ನೆಲೆ ಚಿಕ್ಕದು. ಸ್ವಿಫ್ಟ್ ಹುಟ್ಟಿದ್ದು 1989ರ ಡಿಸೆಂಬರ್‌ನಲ್ಲಿ, ಪೆನ್ಸಿಲ್ವೇನಿಯದಲ್ಲಿ. ಮಗಳ ಹಾಡಿನ ಹುಚ್ಚಿಗಾಗಿ ಇಡೀ ಸಂಸಾರವೇ ಟೆನಿಸ್ಸಿ ರಾಜ್ಯಕ್ಕೆ ಬಂದು ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್ ಆಸುಪಾಸಿನಲ್ಲಿ ನೆಲೆಸಿತು. ಮೊದಲ ಆಲ್ಬಂ ಬಂದದ್ದು 2006ರಲ್ಲಿ, ಆಗಷ್ಟೇ ಹುಟ್ಟಿದ್ದ ಬಿಗ್ ಮಷೀನ್ ಎಂಬ ಸಣ್ಣ ಕಂಪನಿಯಿಂದ. ಕಂಟ್ರಿ ಕೇಳುಗರಲ್ಲಿ ಹೆಚ್ಚಿನವರು ನಡುವಯಸ್ಸಿನವರು. ಆ ಕೂಟಕ್ಕೆ ಹೈಸ್ಕೂಲು ಹುಡುಗಿಯೊಬ್ಬಳು ತನ್ನ ದಿನಚರಿಯನ್ನೇ ಹಾಡಾಗಿಸಿ ತಂದದ್ದು ಹೊಸತಾಗಿತ್ತು. ಎರಡನೆಯ ಆಲ್ಬಂ ‘ಫಿಯರ್‌ಲೆಸ್’ 2008ರ ನವೆಂಬರ್‌ಗೆ ನಿಗದಿಯಾಗಿತ್ತು. ಅದಕ್ಕೆ ದಾರಿ ಬಿಡಿಸುವ ಮೊದಲ ಹಾಡೇ ‘ಲವ್ ಸ್ಟೋರಿ’.

ಹಾಡು ಹುಟ್ಟಿದ್ದು ಮನೆಯೊಳಗಿನ ಮುನಿಸಿನಲ್ಲಿ. ತಾನು ಮೆಚ್ಚಿದ ಹುಡುಗನನ್ನು ಮನೆಯವರು ಒಪ್ಪಲಿಲ್ಲ, ಕೋಣೆ ಸೇರಿ ನೆಲದ ಮೇಲೆ ಕುಳಿತು ಸುಮಾರು ಇಪ್ಪತ್ತು ನಿಮಿಷದಲ್ಲಿ ಬರೆದು ಮುಗಿಸಿದೆ ಎಂದು ಸ್ವಿಫ್ಟ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಇಪ್ಪತ್ತು ನಿಮಿಷದ ಕಥೆಗಳನ್ನು ನಾನು ಸಾಮಾನ್ಯವಾಗಿ ಅರ್ಧಕ್ಕೆ ನಂಬುವವನು. ಆದರೆ ಇಲ್ಲಿ ಒಂದು ಅನುಕೂಲವಿತ್ತು: ಕಥೆ ಆಗಲೇ ಸಿದ್ಧವಾಗಿತ್ತು. ಮನೆಯವರ ವಿರೋಧ ಎಂದೊಡನೆ ನೆನಪಿಗೆ ಬರುವ ಜೋಡಿ ರೋಮಿಯೊ ಮತ್ತು ಜೂಲಿಯೆಟ್. ಪಾತ್ರಗಳು, ಮಾಳಿಗೆಯ ಮೊಗಸಾಲೆ, ಔತಣದ ನೃತ್ಯ, ಕಳ್ಳ ಭೇಟಿಯ ತೋಟ ಎಲ್ಲವೂ ಕೇಳುಗರಿಗೆ ಮೊದಲೇ ಗೊತ್ತು. ಪರಿಚಯಿಸುವುದಕ್ಕೆ ಒಂದು ಸಾಲನ್ನೂ ವ್ಯಯಿಸಬೇಕಿಲ್ಲ. (ಮೂಲ ನಾಟಕದಲ್ಲಿ ಜೂಲಿಯೆಟ್ ನಿಲ್ಲುವುದು ಕಿಟಕಿಯಲ್ಲಿ. ಮೊಗಸಾಲೆ ರಂಗಭೂಮಿಯವರು ಆಮೇಲೆ ಕೊಟ್ಟ ದಾನ.)

ಬದಲಿಸಬೇಕಾಗಿದ್ದದ್ದು ಕೊನೆಯೊಂದೇ. ಇಷ್ಟು ಒಳ್ಳೆಯ ಪ್ರೇಮಿಗಳು ಸಾಯುವುದು ತನಗೆ ಹಿಡಿಸಲಿಲ್ಲ, ಅವರಿಗೆ ಸಲ್ಲಬೇಕಾದ ಅಂತ್ಯವನ್ನು ತಾನು ಕೊಟ್ಟೆ ಎಂಬುದು ಸ್ವಿಫ್ಟ್ ಅವರ ಸಮರ್ಥನೆ. ಇದನ್ನು ಕೇಳಿ ಸಾಹಿತ್ಯದ ಮೇಷ್ಟರುಗಳು ನಕ್ಕರು. ಕನ್ನಡಿಗರು ನಗುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಆನಂದರಾಯರು ಇದೇ ನಾಟಕವನ್ನು ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ತಂದಾಗ ಸತ್ತ ಪ್ರೇಮಿಗಳನ್ನು ದೈವಕೃಪೆಯಿಂದ ಎಬ್ಬಿಸಿ ಕೂರಿಸಿದ್ದರು. ಟಿಕೆಟ್ ಕೊಂಡು ಬಂದವರನ್ನು ಹೆಣದ ಮುಂದೆ ಬಿಟ್ಟು ಪರದೆ ಎಳೆಯಲು ನಮ್ಮ ರಂಗಭೂಮಿಗೂ ಮನಸ್ಸು ಬರುತ್ತಿರಲಿಲ್ಲ. ನಮ್ಮಲ್ಲಿ ದೇವರು ಮಾಡಿದ ಕೆಲಸವನ್ನು ನ್ಯಾಶ್‌ವಿಲ್‌ನಲ್ಲಿ ಯಾರು ಮಾಡಿದರು ಎಂಬುದಕ್ಕೆ ಮುಂದೆ ಬರುತ್ತೇನೆ.

ಹಾಡಿನ ರಾಗರಚನೆ ಹೇಳಿಕೊಳ್ಳುವಷ್ಟು ಸಂಕೀರ್ಣವಲ್ಲ. ಪಲ್ಲವಿಯಲ್ಲಿ ಇರುವುದು ಡಿ, ಎ, ಬಿ ಮೈನರ್, ಜಿ ಎಂಬ ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ). ಗಿಟಾರ್ ಹಿಡಿದ ಹೊಸಬರಿಗೆ ಮೊದಲ ತಿಂಗಳಲ್ಲೇ ಸಿಗುವಂಥವು, ಬಿ ಮೈನರ್ ಮಾತ್ರ ಬೆರಳು ನೋಯಿಸುತ್ತದೆ. ನಿಮಿಷಕ್ಕೆ ಸುಮಾರು 119 ಪೆಟ್ಟಿನ ಗತಿ, ನಾಲ್ಕು ನಿಮಿಷದೊಳಗೆ ಎಲ್ಲವೂ ಮುಕ್ತಾಯ. ನಿರ್ಮಾಪಕರು ನೇಥನ್ ಚಾಪ್‌ಮನ್, ಅವರ ಜೊತೆಗೆ ಸ್ವಿಫ್ಟ್. ಚಾಪ್‌ಮನ್ ಆಗ ದೊಡ್ಡ ಹೆಸರಲ್ಲ. ಹಾಡುಗಳ ಕಚ್ಚಾ ಪ್ರತಿಗಳನ್ನು ಸಣ್ಣ ಶೆಡ್ಡಿನಲ್ಲಿ ಕುಳಿತು ಧ್ವನಿಮುದ್ರಿಸುತ್ತಿದ್ದವರು. ಮೊದಲ ಆಲ್ಬಂಗೆ ಬೇರೆ ನಿರ್ಮಾಪಕರನ್ನು ಪ್ರಯತ್ನಿಸಿದ ಮೇಲೂ ಸ್ವಿಫ್ಟ್ ಅವರ ಬಳಿಗೇ ಮರಳಿದ್ದರು. ‘ಲವ್ ಸ್ಟೋರಿ’ಯ ಗಾಯನಕ್ಕೆ ಬಳಸಿದ್ದು ಅವಾಂಟೋನ್ ಸಿವಿ-12 ಎಂಬ ಮೈಕ್. ನ್ಯಾಶ್‌ವಿಲ್‌ನ ದೊಡ್ಡ ಸ್ಟುಡಿಯೊಗಳು ಹೆಮ್ಮೆಯಿಂದ ತೋರಿಸುವ ಹಳೆಯ ಜರ್ಮನ್ ಮೈಕುಗಳ ಎದುರು ಇದು ಬಡವರ ಪೈಕಿ. ಹದಿಹರೆಯದ ತೆಳು ಕಂಠಕ್ಕೆ ಅದೇ ಹೊಂದಿತು.

ವಾದ್ಯಗಳ ಕಟ್ಟುವಿಕೆಯಲ್ಲಿ ಒಂದು ಜಾಣತನವಿದೆ. ಶುರುವಿನಲ್ಲೇ ಮೀಟು ವಾದ್ಯದ ಒಂದು ಪುಟ್ಟ ಎಳೆ ಬಂದು ಹೋಗುತ್ತದೆ, ಇದು ಕಂಟ್ರಿ ಎಂದು ಬಾಗಿಲಲ್ಲೇ ಹೆಸರು ಹೇಳಿಕೊಂಡಂತೆ. ಆಮೇಲೆ ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್ ಎಲ್ಲವೂ ಸುತ್ತಮುತ್ತ ಇರುತ್ತವೆ, ಆದರೆ ಯಾವುದೂ ರಾಗದ ಬೆನ್ನೆಲುಬಾಗಿಲ್ಲ. ಬೆನ್ನೆಲುಬು ಗಾಯನ, ಗಿಟಾರ್ ಮತ್ತು ಡ್ರಮ್. ಹಾಗಾಗಿಯೇ ಪಿಟೀಲು, ಬ್ಯಾಂಜೊಗಳನ್ನು ತೆಗೆದರೂ ಗೋಡೆ ಕುಸಿಯುವುದಿಲ್ಲ. ಪಾಪ್ ಕೇಂದ್ರಗಳಿಗಾಗಿ ತಯಾರಾದ ಮಿಶ್ರಣದಲ್ಲಿ ಮಾಡಿದ್ದು ಅದನ್ನೇ: ಹಳ್ಳಿಯ ವಾಸನೆಯ ತಂತಿಗಳನ್ನು ಹಿಂದೆ ಸರಿಸಿ ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ ತಾಳವನ್ನು ಮುಂದೆ ತಂದರು. ಗಾಯನ ಅದೇ, ಮಾತು ಅದೇ.

ಈ ಉಪಾಯ ಹೊಸದೇನಲ್ಲ. ಕೆನಡಾದ ಕಂಟ್ರಿ ಗಾಯಕಿ ಶನಾಯ ಟ್ವೇನ್ ತೊಂಬತ್ತರ ದಶಕದಲ್ಲೇ ಅಮೆರಿಕಕ್ಕೊಂದು, ಹೊರಜಗತ್ತಿಗೊಂದು ಎಂದು ಒಂದೇ ಆಲ್ಬಂ ಅನ್ನು ಎರಡು ಬಗೆಯಲ್ಲಿ ಮಾರಿದ್ದರು. 2002ರ ‘ಅಪ್!’ ಆಲ್ಬಂನಲ್ಲಂತೂ ಅದೇ ಹಾಡುಗಳಿಗೆ ಮೂರು ಬಣ್ಣ: ಕೆಂಪು ತಟ್ಟೆ ಪಾಪ್, ಹಸಿರು ತಟ್ಟೆ ಕಂಟ್ರಿ, ನೀಲಿ ತಟ್ಟೆ ಭಾರತದ ಸಿನಿಮಾ ಸಂಗೀತದ ಛಾಯೆಯದು. ಕಂಟ್ರಿ ಹಾಡಿನ ಹಿಂದೆ ತಬಲಾ ಕೇಳಬೇಕೆಂಬ ಕುತೂಹಲವಿದ್ದವರು ನೀಲಿಯನ್ನು ಹುಡುಕಬಹುದು. ನನಗಂತೂ ಒಮ್ಮೆ ಕೇಳಿದ್ದು ಸಾಕಾಯಿತು.

ಈಗ ಹಾಡಿನ ಒಳಗೆ. ಇಲ್ಲಿ ನಿಧಾನಿಸಬೇಕು.

ಮೊದಲ ನುಡಿಯಲ್ಲಿ ಹುಡುಗಿ ನೆನಪು ತೆಗೆಯುತ್ತಾಳೆ: ಬೇಸಿಗೆಯ ಗಾಳಿ, ದೀಪಗಳು, ಜನಜಂಗುಳಿಯ ನಡುವೆ ದಾರಿ ಮಾಡಿಕೊಂಡು ಬರುವ ಹುಡುಗ. ಆಮೇಲೆ ಅಪ್ಪನ ತಾಕೀತು, ಮೆಟ್ಟಿಲ ಮೇಲೆ ಅವಳ ಅಳು. ಪಲ್ಲವಿಯಲ್ಲಿ ಅವಳು ಅವನನ್ನು ಬೇಡುತ್ತಾಳೆ: ಕರೆದುಕೊಂಡು ಹೋಗು, ಒಪ್ಪಿಕೋ. ಎರಡನೆಯ ನುಡಿ ತೋಟದ ಕಳ್ಳ ಭೇಟಿ, ಮತ್ತೆ ಪಲ್ಲವಿ, ಮತ್ತೆ ಬೇಡಿಕೆ. ಆಮೇಲೆ ಅನುಮಾನ: ಇವನು ಬರುತ್ತಾನೋ ಇಲ್ಲವೋ. ಕಾದು ಸೋತ ಹುಡುಗಿ ಊರಂಚಿನಲ್ಲಿ ಅವನನ್ನು ಕಂಡು ಇನ್ನೊಮ್ಮೆ ಬೇಡಲು ಬಾಯಿ ತೆರೆಯುತ್ತಾಳೆ. ಆಗ ಅವನು ಮೊಣಕಾಲೂರಿ ಉಂಗುರ ತೆಗೆಯುತ್ತಾನೆ. ಕೊನೆಯ ಪಲ್ಲವಿ ಶುರುವಾಗುವುದು ಅಲ್ಲಿಂದ, ಮತ್ತು ಅದನ್ನು ಹೇಳುತ್ತಿರುವವಳು ಅವಳಲ್ಲ, ಅವನು. ಅದೇ ರಾಗ. ಪಲ್ಲವಿಯ ಮುಕ್ತಾಯದ ಸಾಲು ಅಕ್ಷರವೂ ಬದಲಾಗದೆ ಉಳಿದಿದೆ. ಇಷ್ಟು ಹೊತ್ತು ಅವಳ ಅಂಗಲಾಚಿಕೆಯಾಗಿದ್ದ ಮಾತು ಈಗ ಅವನ ಮದುವೆಯ ಕೋರಿಕೆ.

ಇದು ನ್ಯಾಶ್‌ವಿಲ್‌ನ ಹಳೆಯ ಕಸುಬು. ಪಲ್ಲವಿಯನ್ನು ಮೂರು ಸಲ ಹಾಡಿಸು, ಆದರೆ ಮೂರನೆಯ ಸಲ ಕೇಳುವಾಗ ಅದರ ಅರ್ಥ ಬೇರೆಯಾಗಿರುವಂತೆ ನಡುವಿನ ನುಡಿಗಳನ್ನು ಬರೆ. ಕುಡಿತ, ಸಾವು, ಅಪ್ಪ–ಮಗ, ಲಾರಿ ಡ್ರೈವರ್ ಎಂದು ವಸ್ತು ಏನೇ ಇರಲಿ, ಒಳ್ಳೆಯ ಕಂಟ್ರಿ ಹಾಡು ಮೂರನೆಯ ನುಡಿಯಲ್ಲಿ ತಿರುವು ಇಟ್ಟುಕೊಂಡಿರುತ್ತದೆ. ಪಾಪ್‌ಗೆ ಈ ಹಂಗಿಲ್ಲ. ಅಲ್ಲಿ ಪಲ್ಲವಿ ಮೊದಲ ಸಲ ಏನು ಹೇಳಿತ್ತೋ ಹತ್ತನೆಯ ಸಲವೂ ಅದನ್ನೇ ಹೇಳಬಹುದು, ಇನ್ನಷ್ಟು ಜೋರಾಗಿ. ‘ಲವ್ ಸ್ಟೋರಿ’ಯ ಕಂಟ್ರಿ ಇರುವುದು ಈ ಕಟ್ಟುವಿಕೆಯಲ್ಲಿ. ಬ್ಯಾಂಜೊ ಅದರ ಮೇಲಿನ ಬಣ್ಣವಷ್ಟೇ.

ಆ ಕೊನೆಯ ಪಲ್ಲವಿಯಲ್ಲೇ ಶ್ರುತಿ ಏರುತ್ತದೆ. ಡಿ ಮೇಜರ್‌ನಿಂದ ಇ ಮೇಜರ್‌ಗೆ. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡರಿಂದ ಬಿಳಿ ಮೂರಕ್ಕೆ. ಆಧಾರ ಷಡ್ಜ ಒಮ್ಮೆ ನಿಂತರೆ ಹಾಡು ಮುಗಿಯುವ ತನಕ ಅಲುಗದು ಎಂಬ ಸಂಗೀತದಲ್ಲಿ ಬೆಳೆದ ಕಿವಿಗೆ ಇದು ಕಾಲಡಿಯ ನೆಲವನ್ನೇ ಯಾರೋ ಎತ್ತಿದ ಅನುಭವ. ಪಾಶ್ಚಾತ್ಯ ವಾದ್ಯಗಾರರು ಇದನ್ನು ಲಾರಿ ಡ್ರೈವರನ ಗೇರು ಬದಲಾವಣೆ ಎಂದು ಗೇಲಿ ಮಾಡುತ್ತಾರೆ. ಹಾಡು ಬರಿದಾದಾಗ ಬಳಸುವ ಅಗ್ಗದ ತಂತ್ರ ಎಂಬುದು ಅವರ ದೂರು. ಅನೇಕ ಹಾಡುಗಳ ಮಟ್ಟಿಗೆ ಆ ದೂರು ಸರಿ. ಇಲ್ಲಿ ಮಾತ್ರ ಶ್ರುತಿ ಏರುವ ಕ್ಷಣ, ಮಾತನಾಡುವವರು ಬದಲಾಗುವ ಕ್ಷಣ, ದುರಂತ ಸುಖಾಂತವಾಗುವ ಕ್ಷಣ ಮೂರೂ ಒಂದೇ.

ಇನ್ನೂ ಒಂದಿದೆ. ಕಥೆಯಲ್ಲಿ ದೊಡ್ಡದೊಂದು ತೂತು ಬಿದ್ದಿರುವುದೂ ಅಲ್ಲೇ. ಅಪ್ಪ ಒಪ್ಪಿದ್ದು ಹೇಗೆ? ಇಡೀ ಹಾಡಿಗೆ ಅಡ್ಡಗಾಲಾಗಿದ್ದ ಮನುಷ್ಯ ಅವನು. ನಿಮ್ಮ ಅಪ್ಪನ ಹತ್ತಿರ ಮಾತನಾಡಿದೆ ಎಂದು ಹುಡುಗ ಒಂದೇ ಸಾಲಿನಲ್ಲಿ ಮುಗಿಸುತ್ತಾನೆ. ಏನು ಮಾತನಾಡಿದ, ಅವರು ಏನೆಂದರು, ಸುಳಿವೇ ಇಲ್ಲ. ನಮ್ಮ ಸಿನಿಮಾದಲ್ಲಾದರೆ ಇದಕ್ಕೆ ಮಧ್ಯಂತರದ ನಂತರದ ಅರ್ಧ ಭಾಗ ಬೇಕಾಗುತ್ತಿತ್ತು, ಅಪ್ಪನಿಗೆ ಎದೆನೋವು ಬರಿಸಬೇಕಾಗುತ್ತಿತ್ತು. ಇಲ್ಲಿ ಕೇಳುಗರು ಪ್ರಶ್ನೆ ಕೇಳುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಶ್ರುತಿ ಏರಿಬಿಟ್ಟಿರುತ್ತದೆ. ತರ್ಕ ಮಾಡಬೇಕಾದ ಕೆಲಸವನ್ನು ಸಂಗೀತ ಮಾಡಿ ಮುಗಿಸಿರುತ್ತದೆ. ಆನಂದರಾಯರಿಗೆ ದೈವ ಒದಗಿದಂತೆ ಸ್ವಿಫ್ಟ್‌ಗೆ ಒದಗಿದ್ದು ಈ ಒಂದು ಸ್ವರದ ಏರಿಕೆ. ಹುಡುಗಿ ತಾನಾಗಿ ಏನೂ ಮಾಡದೆ ಕಾಯುತ್ತಾಳೆ, ಗಂಡಸರಿಬ್ಬರು ಮಾತನಾಡಿ ತೀರ್ಮಾನಿಸುತ್ತಾರೆ ಎಂಬ ಟೀಕೆ ಈ ಹಾಡಿನ ಮೇಲಿದೆ. ನ್ಯಾಯವಾದ ಟೀಕೆ. ಆದರೂ ಒಂದನ್ನು ಮರೆಯಬಾರದು: ಆ ಇಬ್ಬರು ಗಂಡಸರನ್ನೂ ತನಗೆ ಬೇಕಾದ ಹಾಗೆ ಒಪ್ಪಿಸಿದ್ದು ಕೋಣೆಯ ನೆಲದ ಮೇಲೆ ಕುಳಿತಿದ್ದ ಹುಡುಗಿಯೇ.

ವಿಡಿಯೊದ ಕಥೆ ಬೇರೆ. ನಿರ್ದೇಶಕಿ ಟ್ರೇ ಫ್ಯಾನ್‌ಜಾಯ್, ಮೊದಲ ಆಲ್ಬಂನ ಕಾಲದಿಂದಲೂ ಸ್ವಿಫ್ಟ್ ಅವರ ವಿಡಿಯೊಗಳನ್ನು ತೆಗೆಯುತ್ತಿದ್ದವರು. ಕಂಟ್ರಿ ವಿಡಿಯೊ ಎಂದರೆ ಆಗ ಒಂದು ನಿಶ್ಚಿತ ಸಾಮಾನುಪಟ್ಟಿ ಇರುತ್ತಿತ್ತು: ಪಿಕಪ್ ಗಾಡಿ, ಹುಲ್ಲುಗಾವಲು, ಜೀನ್ಸ್, ಮನೆಮುಂದಿನ ಜಗಲಿ. ಇಲ್ಲಿ ಒಂದೂ ಇಲ್ಲ. ಎಲ್ಲ ಕಾಲಕ್ಕೂ ಸಲ್ಲುವ ಕಥೆಯಾಗಿ ಕಾಣಬೇಕೆಂಬ ಹಠಕ್ಕೆ ಅವರು ಹಳೆಯ ಯುರೋಪಿನ ಕೋಟೆ, ನೆಲ ಮುಟ್ಟುವ ಗೌನು, ದೀಪದ ಕಂದೀಲು ತಂದರು.

ಕೋಟೆಗಾಗಿ ಯುರೋಪಿಗೆ ಹೋಗಬೇಕಾಗಲಿಲ್ಲ. ನ್ಯಾಶ್‌ವಿಲ್‌ನಿಂದ ದಕ್ಷಿಣಕ್ಕೆ, ಆರಿಂಗ್ಟನ್ ಎಂಬ ಊರಿನಲ್ಲಿ ಕಾಸಲ್ ಗ್ವಿನ್ ಇದೆ. ಬಿಳಿ ಗೋಪುರಗಳ ಕಟ್ಟಡ. ವೇಲ್ಸ್ ಗಡಿಯ ಹನ್ನೆರಡನೆಯ ಶತಮಾನದ ಕೋಟೆಯನ್ನು ನೋಡಿಕೊಂಡು, ಕೋಟೆಯ ಹುಚ್ಚು ಹಿಡಿದ ಒಬ್ಬ ಟೆನಿಸ್ಸಿ ನಿವಾಸಿ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿಸಿದ್ದು. ಪ್ರತಿ ಮೇ ತಿಂಗಳು ಅದರ ಆವರಣದಲ್ಲಿ ರಿನೈಸನ್ಸ್ ಉತ್ಸವ ನಡೆಯುತ್ತದೆ, ಜನ ಕುದುರೆ ಸವಾರರ ಭರ್ಚಿ ಕಾಳಗ ನೋಡಲು ಬರುತ್ತಾರೆ. 2008ರ ಆಗಸ್ಟ್‌ನಲ್ಲಿ ಎರಡು ದಿನ ಅಲ್ಲಿ ಚಿತ್ರೀಕರಣ ನಡೆಯಿತು. ಟೆನಿಸ್ಸಿಯ ಆಗಸ್ಟ್ ಎಂದರೆ ನಮ್ಮ ಕರಾವಳಿಯ ಮೇ ತಿಂಗಳ ಸೆಕೆ. ಅದರಲ್ಲಿ ಬಿಗಿ ಕಟ್ಟಿದ ರವಿಕೆಯ ಗೌನು, ಉದ್ದ ತೋಳು, ಕೂದಲಿನ ಕಟ್ಟು. ಪರದೆಯ ಮೇಲೆ ಕಾಣುವ ತಂಪಾದ ಬೆಳಕಿನ ಹಿಂದೆ ಬೆವರೊರೆಸುವ ಬಟ್ಟೆ ಎಷ್ಟಿದ್ದವೋ.

ನಾಯಕನ ಪಾತ್ರಕ್ಕೆ ಬಂದದ್ದು ಜಸ್ಟಿನ್ ಗ್ಯಾಸ್ಟನ್ ಎಂಬ ರೂಪದರ್ಶಿ. ಅದೇ ವರ್ಷ ‘ನ್ಯಾಶ್‌ವಿಲ್ ಸ್ಟಾರ್’ ಎಂಬ ಟಿವಿ ಗಾಯನ ಸ್ಪರ್ಧೆಯಲ್ಲಿ ಕಾಣಿಸಿಕೊಂಡಿದ್ದವರು. ಇಡೀ ವಿಡಿಯೊದಲ್ಲಿ ಅವರಿಗೆ ಮಾತಿಲ್ಲ, ನೋಡುವುದೇ ಕೆಲಸ, ಅದನ್ನು ಚೆನ್ನಾಗಿಯೇ ಮಾಡಿದ್ದಾರೆ.

ಕಥೆಯನ್ನು ಕಟ್ಟಿದ ರೀತಿ ಸರಳ. ಇಂದಿನ ಕಾಲೇಜಿನ ಆವರಣ. ಮರದಡಿ ಓದುತ್ತ ಕುಳಿತ ಹುಡುಗನನ್ನು ಹುಡುಗಿ ನೋಡುತ್ತಾಳೆ. ನೋಟ ಕೂಡುತ್ತಿದ್ದಂತೆ ಕಾಲ ಜಾರಿ ಅವಳು ಕೋಟೆಯ ಮೊಗಸಾಲೆಯಲ್ಲಿರುತ್ತಾಳೆ. ನೃತ್ಯ, ಕಿವಿಮಾತು, ಕಂದೀಲು ಹಿಡಿದ ತೋಟದ ಭೇಟಿ. ಕೊನೆಯಲ್ಲಿ ಅವಳು ಕೋಟೆಯಿಂದಿಳಿದು ಅವನತ್ತ ಓಡುತ್ತಾಳೆ, ಮತ್ತೆ ಕಾಲೇಜಿನ ಆವರಣಕ್ಕೆ ಬರುತ್ತೇವೆ, ಹುಡುಗ ಅವಳೆದುರು ಬಂದು ನಿಂತಿರುತ್ತಾನೆ.

ನನ್ನ ತಕರಾರು ಇಲ್ಲೇ. ಹಾಡಿನ ಅತಿ ದೊಡ್ಡ ಘಟನೆ ಮಾತು ಅವಳಿಂದ ಅವನಿಗೆ ದಾಟುವುದು. ವಿಡಿಯೊ ಅದನ್ನು ತೋರಿಸುವ ಗೋಜಿಗೇ ಹೋಗುವುದಿಲ್ಲ. ಅವನ ಮಾತನ್ನೂ ಅವಳೇ ತುಟಿಯಾಡಿಸಿ ಹಾಡುತ್ತಾಳೆ, ಕೇಳುವುದಕ್ಕೆ ಬದಲಾದದ್ದು ನೋಡುವುದಕ್ಕೆ ಬದಲಾಗುವುದಿಲ್ಲ. ಅಡ್ಡಗಾಲಿನ ಅಪ್ಪನಿಗೆ ಲೆಕ್ಕಕ್ಕಿಡುವಂಥ ಪಾತ್ರವೇ ಇಲ್ಲ, ಹಾಗಾಗಿ ಗೆಲ್ಲುವುದಕ್ಕೂ ಏನೂ ಇಲ್ಲ. ಮೂರನೆಯ ನುಡಿಯ ತಿರುವನ್ನು ಬಿಟ್ಟುಕೊಟ್ಟು ಅದರ ಜಾಗದಲ್ಲಿ ಒಂದು ಭಾವವನ್ನು ಇಟ್ಟಿದ್ದಾರೆ: ಹಿಂದಿನ ಜನ್ಮದ ಪರಿಚಯ ಎನ್ನುವಂಥದ್ದು. ಜನ್ಮಾಂತರದ ನಂಟನ್ನು ನೂರಾರು ಸಿನಿಮಾಗಳಲ್ಲಿ ಕಂಡ ನಮಗೆ ಅದು ತಕ್ಷಣ ಅರ್ಥವಾಗುತ್ತದೆ. ಅಮೆರಿಕದ ಹದಿಹರೆಯದವರಿಗೂ ಆಯಿತು. ಅಂದರೆ ಹಾಡು ಕಂಟ್ರಿಯ ಹಾದಿಯಲ್ಲಿ ಕಥೆ ಹೇಳಿದರೆ, ವಿಡಿಯೊ ಪಾಪ್‌ನ ಹಾದಿಯಲ್ಲಿ ಕನಸು ಮಾರಿತು. ವ್ಯಾಪಾರಕ್ಕೆ ಎರಡೂ ಬೇಕಿತ್ತೇನೋ. ಆದರೂ ಆ ಉಂಗುರದ ಗಳಿಗೆಯನ್ನು ಫ್ಯಾನ್‌ಜಾಯ್ ಹೇಗೆ ತೆಗೆಯುತ್ತಿದ್ದರು ಎಂದು ನೋಡುವ ಆಸೆ ನನಗೆ ಉಳಿದೇ ಇದೆ. ಅದನ್ನು ಒಂದಿಷ್ಟು ತೀರಿಸಿದ್ದು ವೇದಿಕೆ: 2009ರಲ್ಲಿ ಶುರುವಾದ ‘ಫಿಯರ್‌ಲೆಸ್’ ಪ್ರವಾಸದ ಕಛೇರಿಗಳಲ್ಲಿ ಹಿಂಬದಿಗೆ ಕೋಟೆ ಮೂಡುತ್ತಿತ್ತು, ಹಾಡಿನ ತುದಿಗೆ ಬರುವಷ್ಟರಲ್ಲಿ ಸ್ವಿಫ್ಟ್ ಮದುಮಗಳ ಬಿಳಿ ಉಡುಪಿಗೆ ಬದಲಾಗಿರುತ್ತಿದ್ದರು.

ಫಲಿತಾಂಶವನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ಒಂದನೆಯ ಸ್ಥಾನ, ಎಲ್ಲ ಬಗೆಯ ಹಾಡುಗಳ ಹಾಟ್ 100 ಪಟ್ಟಿಯಲ್ಲಿ ನಾಲ್ಕು. 2009ರ ಆರಂಭದಲ್ಲಿ ಪಾಪ್ ರೇಡಿಯೊದ ಮೇನ್‌ಸ್ಟ್ರೀಮ್ ಟಾಪ್ 40 ಪಟ್ಟಿಯ ತುದಿಗೇರಿತು. ಕಂಟ್ರಿಯಿಂದ ಬಂದ ಹಾಡೊಂದು ಆ ಪಟ್ಟಿಯ ನೆತ್ತಿ ಮುಟ್ಟಿದ್ದು ಅದೇ ಮೊದಲು, ಟ್ವೇನ್‌ಗೂ ಅದು ದಕ್ಕಿರಲಿಲ್ಲ. ಆಸ್ಟ್ರೇಲಿಯದಲ್ಲಿ ಒಂದನೆಯ ಸ್ಥಾನ, ಬ್ರಿಟನ್ನಿನಲ್ಲಿ ಎರಡು. ವಿಡಿಯೊ 2009ರಲ್ಲಿ ಕಂಟ್ರಿ ಸಂಗೀತದ ಸಿಎಂಟಿ ವಾಹಿನಿಯ ವರ್ಷದ ವಿಡಿಯೊ ಪ್ರಶಸ್ತಿಯನ್ನೂ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ಪ್ರಶಸ್ತಿಯನ್ನೂ ಪಡೆಯಿತು. ಅಂದರೆ ಒಂದೇ ಒಂದು ಕಂಟ್ರಿ ಸಾಮಾನಿಲ್ಲದ ವಿಡಿಯೊವನ್ನು ಕಂಟ್ರಿಯ ಹಿರಿಯರೇ ವರ್ಷದ ಅತ್ಯುತ್ತಮ ಎಂದರು.

ಪ್ರಕರಣ ಇಲ್ಲಿಗೆ ಮುಗಿಯಬೇಕಿತ್ತು, ಆದರೆ 2019ರಲ್ಲಿ ಬಿಗ್ ಮಷೀನ್ ಮಾರಾಟವಾಯಿತು, ಅದರೊಂದಿಗೆ ಸ್ವಿಫ್ಟ್ ಅವರ ಮೊದಲ ಆರು ಆಲ್ಬಂಗಳ ಮೂಲ ಧ್ವನಿಮುದ್ರಣಗಳೂ ಕೈ ಬದಲಿಸಿದವು. ಮರುವರ್ಷ ಅವು ಶ್ಯಾಮ್‌ರಾಕ್ ಎಂಬ ಹೂಡಿಕೆ ಸಂಸ್ಥೆಗೆ ಹೋದವು. ಇಲ್ಲಿ ಕಾನೂನಿನ ಒಂದು ಎಳೆ ತಿಳಿದಿರಬೇಕು. ಧ್ವನಿಮುದ್ರಣದ ಹಕ್ಕು ಬೇರೆ, ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ. ಮೊದಲನೆಯದು ಕಂಪನಿಯ ಬಳಿ ಇತ್ತು, ಎರಡನೆಯದು ಬರೆದವರ ಬಳಿ. ‘ಲವ್ ಸ್ಟೋರಿ’ಯನ್ನು ಸ್ವಿಫ್ಟ್ ಒಬ್ಬರೇ ಬರೆದದ್ದರಿಂದ ಪಾಲುದಾರರ ತಕರಾರೂ ಇರಲಿಲ್ಲ. ಒಪ್ಪಂದದ ಗಡುವು ಮುಗಿದ ಕೂಡಲೇ ಅವರು ಹಳೆಯ ಹಾಡುಗಳನ್ನು ಹೊಸದಾಗಿ ಹಾಡಲು ಕುಳಿತರು. ಮೊದಲು ಹೊರಬಂದದ್ದು ಇದೇ ಹಾಡು, 2021ರ ಫೆಬ್ರುವರಿ 12ರಂದು. ಅದಕ್ಕೂ ಮೊದಲೇ ಅದರ ತುಣುಕೊಂದು ಕೇಳಿಸಿದ್ದು ಸಂಗಾತಿ ಹುಡುಕುವ ತಾಣವೊಂದರ ಜಾಹೀರಾತಿನಲ್ಲಿ. ಅದರಲ್ಲಿ ಸೈತಾನನಿಗೆ ಜೋಡಿಯಾಗಿ ಸಿಗುವವಳು 2020 ಎಂಬ ವರ್ಷ!

ಹೊಸ ಆವೃತ್ತಿಯಲ್ಲಿ ಸುಧಾರಣೆ ಮಾಡುವ ಆಮಿಷವನ್ನು ಅವರು ಗೆದ್ದರು. ಅದೇ ಗತಿ, ಅದೇ ಶ್ರುತಿ, ಅದೇ ಏರಿಕೆ. ಮೂಲದಲ್ಲಿ ನುಡಿಸಿದ್ದ ಜೋನಥನ್ ಯುಡ್ಕಿನ್ ಅವರೇ ಪಿಟೀಲಿಗೆ ಮರಳಿದರು, ಬ್ಯಾಂಜೊ ಮೊದಲಿಗಿಂತ ಸ್ಪಷ್ಟವಾಗಿದೆ. ಆ ಹೊತ್ತಿಗೆ ಸ್ವಿಫ್ಟ್ ಪಾಪ್ ಲೋಕದ ಮಹಾರಾಣಿ, ಕಂಟ್ರಿ ರೇಡಿಯೊದ ಹಂಗು ಅವರಿಗಿರಲಿಲ್ಲ, ಆದರೂ ಕಳಚುವ ಮೊದಲಿನ ವೇಷವನ್ನೇ ತೊಡಿಸಿದರು. ಬದಲಾದದ್ದು ಕಂಠ. ಹದಿನೆಂಟರ ತೆಳುಧ್ವನಿ ಮೂವತ್ತೊಂದರಲ್ಲಿ ತುಂಬಿಕೊಂಡಿದೆ, ಉಸಿರಿನ ಮೇಲೆ ಹಿಡಿತವಿದೆ. ತಾಂತ್ರಿಕವಾಗಿ ಹೊಸದೇ ಮೇಲು. ಆದರೆ ಮೆಟ್ಟಿಲ ಮೇಲೆ ಕುಳಿತು ಅಳುವ ಸಾಲಿಗೆ ಹಳೆಯ ಧ್ವನಿಯ ಸಣ್ಣ ನಡುಕವೇ ಸರಿ ಎಂದು ನನ್ನ ಕಿವಿ ಹೇಳುತ್ತದೆ. ಹೊಸ ಆವೃತ್ತಿಯೂ ಕಂಟ್ರಿ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಒಂದೇ ಹಾಡಿನ ಮೂಲ ಮತ್ತು ಮರುಗಾಯನ ಎರಡನ್ನೂ ಅಲ್ಲಿಗೆ ಮುಟ್ಟಿಸಿದ್ದು ಅವರಿಗಿಂತ ಮೊದಲು ಹಿರಿಯ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಒಬ್ಬರೇ.

ಹೊಸ ಹಾಡಿಗೆ ಹೊಸ ಕೋಟೆ, ಹೊಸ ಗೌನುಗಳ ವಿಡಿಯೊ ಬರಲಿಲ್ಲ. ಅಭಿಮಾನಿಗಳೊಂದಿಗಿನ ಹಳೆಯ ಚಿತ್ರಗಳ ಮೇಲೆ ಸಾಹಿತ್ಯ ಓಡುವ ಸರಳ ವಿಡಿಯೊವೊಂದೇ ಬಂತು. ಕಾಸಲ್ ಗ್ವಿನ್‌ನ ಆ ಎರಡು ದಿನಗಳ ಚಿತ್ರೀಕರಣ ಆಗಿನ್ನೂ ಪರರ ಸೊತ್ತು. 2025ರ ಮೇ ತಿಂಗಳಲ್ಲಿ ಸ್ವಿಫ್ಟ್ ಶ್ಯಾಮ್‌ರಾಕ್‌ನಿಂದ ಎಲ್ಲವನ್ನೂ ಮರಳಿ ಕೊಂಡರು, ಆ ಪಟ್ಟಿಯಲ್ಲಿ ಧ್ವನಿಮುದ್ರಣಗಳ ಜೊತೆ ವಿಡಿಯೊಗಳೂ ಸೇರಿವೆ. ಈಗ ಹಳೆಯ ಕಂಟ್ರಿ ರೂಪ, ಪಾಪ್ ರೂಪ, 2021ರ ರೂಪ ಯಾವುದನ್ನು ಯಾರು ನುಡಿಸಿದರೂ ಹಣ ಸೇರುವುದು ಒಂದೇ ಮನೆಗೆ.